ಬ್ರೇಕಿನ ಇಕ್ಕಳ

ಮೋಟಾರುಗಾಡಿಯನ್ನು ಚೆನ್ನಾಗಿ ಓಡಿಸಬಲ್ಲೆವೆಂದು ಹೇಳಿಕೊಳ್ಳುವವರು ನಮ್ಮಲ್ಲಿ ಅನೇಕರುಂಟು. ಚೆನ್ನಾಗಿ ನಿಲ್ಲಿಸಬಲ್ಲೆವೆಂದು ಹೇಳಿಕೊಂಡವರನ್ನು ನಾವಿನ್ನೂ ಕಂಡಿಲ್ಲ. ಕೆಲವು ಕಾಲದ ಹಿಂದೆ ನಾವೂ ಆ ಮೊದಲನೆಯ ಗುಂಪಿನವರೇ ಆಗಿದ್ದೆವು. ಕೊಯಮತ್ತೂರಿನ ಬಳಿಯ ಚೆಟ್ಟಿಪಾಳಯದ ಓಟದ ಪಥದಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಆರನೆಯ ಸುತ್ತಿನಲ್ಲಿ ನೇರದಾರಿಯ ಕೊನೆಗೆ ಬಂದು ಬ್ರೇಕನ್ನು ಮೆಟ್ಟಿದಾಗ, ಪೆಡಲು ಯಾವ ಎದುರನ್ನೂ ತೋರದೆ ನೆಲಕ್ಕೆ ಹೋಗಿ ಕುಳಿತಿತು. ಎರಡನೆಯ ಬಾರಿ ಮೆಟ್ಟಿದೆವು, ತುಸು ಹಿಡಿಯಿತು. ಮೂರನೆಯ ಬಾರಿ ಮೆಟ್ಟುವಷ್ಟರಲ್ಲಿ ತಿರುವು ಕಳೆದುಹೋಗಿ, ಗಾಡಿಯು ಪಥವನ್ನು ಬಿಟ್ಟು ಆಚೆಯ ಮಣ್ಣಿನಲ್ಲಿ ಧೂಳೆಬ್ಬಿಸಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮುಂದಿನ ಶನಿವಾರ ಅದೇ ಗಾಡಿಯಲ್ಲಿ ತಾಯಿಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳಕ್ಕೆ ಹೋಗುವುದೆಂದು ನಿಶ್ಚಯವಾಗಿದ್ದಿತು. ಮಣ್ಣಿನಲ್ಲಿ ನಿಂತ ಗಾಡಿಯೊಳಗೆ ಕುಳಿತು ನಾವು ಯೋಚಿಸಿದ್ದು ಆ ಘಾಟಿಯನ್ನೇ.

ಇಂತಹ ದಿನಗಳಿಗೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಇದು ಪಂದ್ಯವಲ್ಲ, ಬಹುಮಾನವಿಲ್ಲ, ಮೊದಲು ಯಾರು ಕೊನೆಗೆ ಯಾರು ಎಂಬ ಎಣಿಕೆಯಿಲ್ಲ. ಹಣ ಕೊಟ್ಟು, ತಲೆಗೆ ಹೆಲ್ಮೆಟ್ ಧರಿಸಿ, ತಮ್ಮ ತಮ್ಮ ಸ್ವಂತ ಗಾಡಿಗಳನ್ನು ಎದುರು ವಾಹನವಾಗಲಿ ದನಕರುಗಳಾಗಲಿ ಇಲ್ಲದ ಪಥದಲ್ಲಿ ಓಡಿಸಬಹುದು. ಸಾರ್ವಜನಿಕ ರಸ್ತೆಯಲ್ಲಿ ವೇಗದ ಚಪಲವನ್ನು ತೀರಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಬೆಂಗಳೂರಿನವರು ಇದಕ್ಕಾಗಿ ಸಾಮಾನ್ಯವಾಗಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಗೋ ಚೆಟ್ಟಿಪಾಳಯಕ್ಕೋ ಹೋಗುತ್ತಾರೆ. ಮೊದಲನೆಯ ಪಥವು 1990ರಲ್ಲಿ ತೆರೆದದ್ದು. ಒಂದು ಸುತ್ತು 3.7 ಕಿಲೋಮೀಟರಿಗೆ ತುಸು ಹೆಚ್ಚು. ಎರಡನೆಯದು 2003ರದು, ಮಾರುತಿ ಎಂಜಿನ್ನುಗಳನ್ನಿಟ್ಟು ಒಂಟಿ ಆಸನದ ಪಂದ್ಯಗಾಡಿಗಳನ್ನು ನಮ್ಮಲ್ಲೇ ಕಟ್ಟಿ, 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನರ ಹೆಸರನ್ನು ಅದಕ್ಕಿಟ್ಟಿದ್ದಾರೆ.

ಊರೊಳಗೆ ಹತ್ತು ವರ್ಷ ದೂರಿಲ್ಲದೆ ಕೆಲಸ ಮಾಡಿದ ಬ್ರೇಕು ಅಲ್ಲಿ ಆರು ಸುತ್ತಿನಲ್ಲಿ ಸೋತದ್ದೇಕೆ? ಲೆಕ್ಕ ಸುಲಭವಾಗಿದೆ. ಓಡಿಸುವವನೂ ಸೇರಿ 1,000 ಕಿಲೋಗ್ರಾಂ ತೂಗುವ ಗಾಡಿಯೊಂದು ಗಂಟೆಗೆ 140 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 617 ಕಿಲೋಜೂಲಿನಷ್ಟು ಶಕ್ತಿಯನ್ನು ಕಳೆಯಬೇಕು. ಬ್ರೇಕು ಈ ಶಕ್ತಿಯ ಬಹುಪಾಲನ್ನು ಬಿಸಿಯನ್ನಾಗಿ ಮಾರ್ಪಡಿಸುತ್ತದೆ. ಬೇರೆ ಯಾವ ವಿದ್ಯೆಯೂ ಅದಕ್ಕೆ ಗೊತ್ತಿಲ್ಲ. ನಮ್ಮ ಅಡಿಗೆಮನೆಯ ಅಳತೆಯಲ್ಲಿ ಹೇಳುವುದಾದರೆ, ಎರಡು ಲೀಟರ್ ತಣ್ಣೀರನ್ನು ಕುದಿ ಬರುವವರೆಗೆ ಕಾಯಿಸುವ ಬಿಸಿ ಅದು. ಒಲೆಯ ಮೇಲೆ ಹತ್ತು ನಿಮಿಷ ಬೇಕಾಗುವ ಕೆಲಸವು ಇಲ್ಲಿ ಮೂರು ಸೆಕೆಂಡಿನಲ್ಲಿ ನಡೆಯುತ್ತದೆ. ಅರ್ಧ ನಿಮಿಷ ಕಳೆಯುವುದರೊಳಗೆ ಮುಂದಿನ ತಿರುವಿನಲ್ಲಿ ಮತ್ತೊಮ್ಮೆ. ಆ ಬಿಸಿಯ ಹೆಚ್ಚಿನ ಪಾಲು ಮುಂದಿನ ಎರಡು ಗಾಲಿಗಳಿಗೆ ಸಲ್ಲುತ್ತದೆ. ಓಟದ ಪಥದಲ್ಲಿ ಮುಂಗಾಲಿಯ ಎರಕದ ಕಬ್ಬಿಣದ ಬಿಲ್ಲೆಗಳು 500 ಡಿಗ್ರಿಯನ್ನೂ ಮೀರಿ ಕಾಯುವುದುಂಟು.

ಈ ಬಿಲ್ಲೆಯನ್ನು ಎರಡು ಕಡೆಯಿಂದ ಅಮುಕಿ ಹಿಡಿಯುವ ಉಪಕರಣಕ್ಕೆ ‘ಕ್ಯಾಲಿಪರ್’ ಎಂದು ಹೆಸರು. ಬಿಸಿ ಪಾತ್ರೆಯ ಅಂಚನ್ನು ಹಿಡಿದೆತ್ತುವ ಇಕ್ಕಳವನ್ನು ನೆನೆದುಕೊಂಡರೆ ಅದರ ಸ್ವರೂಪವು ಮನಸ್ಸಿಗೆ ಬರುವುದು. 1902ರಲ್ಲಿಯೇ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು ಬಿಲ್ಲೆಬ್ರೇಕಿಗೆ ಪೇಟೆಂಟು ಪಡೆದಿದ್ದನು. ಆದರೂ ಲೋಕವು ಅದನ್ನು ಒಪ್ಪಿದ್ದು 1953ರಲ್ಲಿ, ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ಓಟವನ್ನು ಬಿಲ್ಲೆಬ್ರೇಕಿನ ಜಾಗ್ವಾರ್ ಗಾಡಿಯು ಗೆದ್ದ ಮೇಲೆ. ಇತರರು ತಿರುವಿಗೆ ಬಹು ಮುಂಚೆಯೇ ಬ್ರೇಕು ಹಿಡಿಯಬೇಕಾಗಿದ್ದಲ್ಲಿ, ಆ ಗಾಡಿಯವರು ತಡವಾಗಿ ಹಿಡಿದು ಮುಂದೆ ಹೋದರು.

ನಮ್ಮ ಗಾಡಿಯ ಇಕ್ಕಳವು ಒಂದೇ ಪಿಸ್ಟನ್ನಿನದು; ಮನೆವಾರ್ತೆಯ ಗಾಡಿಗಳಲ್ಲಿ ಬಹುಮಟ್ಟಿಗೆ ಇರುವುದು ಇದೇ. ಕಾಲಿನಿಂದ ಪೆಡಲನ್ನೊತ್ತಿದಾಗ ದ್ರವದ ಒತ್ತಡವು ಕೊಳವೆಯ ಮೂಲಕ ಬಂದು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. 54 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಹಿಂದೆ ಚದರ ಸೆಂಟಿಮೀಟರಿಗೆ 70 ಕಿಲೋಗ್ರಾಮಿನ ಒತ್ತಡವಿದ್ದರೆ ಅದರ ನೂಕು 1,600 ಕಿಲೋಗ್ರಾಮಿನಷ್ಟಾಗುವುದು. ಗಾಡಿಯ ಟೈರಿನಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡಕ್ಕಿಂತ ಇದು ಸುಮಾರು ಮೂವತ್ತು ಪಾಲು ಹೆಚ್ಚು. ಇಷ್ಟನ್ನೂ ಹೊರಕ್ಕೆ ಸೋರದಂತೆ ತಡೆದು ನಿಲ್ಲಿಸಿರುವುದು ಯಾವುದೆಂದರೆ, ಸಿಲಿಂಡರಿನ ಒಳಗೋಡೆಯ ತೋಡಿನಲ್ಲಿ ಕುಳಿತಿರುವ ಒಂದು ರಬ್ಬರಿನ ಬಳೆ. ಮಗುವಿನ ಕೈಬಳೆಯಷ್ಟು ದೊಡ್ಡದು. ಅಡ್ಡ ಕೊಯ್ದು ನೋಡಿದರೆ ದುಂಡಗಿರದೆ ಚೌಕವಾಗಿರುವುದು.

ಆ ಚೌಕದಲ್ಲಿಯೇ ಇದರ ಗುಟ್ಟು ಇರುವುದು. ಬ್ರೇಕನ್ನು ಬಿಟ್ಟೊಡನೆ ಪಿಸ್ಟನ್ನನ್ನು ಹಿಂದಕ್ಕೆಳೆಯುವವರಾರು? ಹಳೆಯ ಡ್ರಮ್ ಬ್ರೇಕಿನಲ್ಲಿ ಅದಕ್ಕೆಂದೇ ಸ್ಪ್ರಿಂಗುಗಳಿದ್ದವು; ಇಲ್ಲಿ ಒಂದೂ ಇಲ್ಲ. ಪಿಸ್ಟನ್ನು ಮುಂದಕ್ಕೆ ಸರಿಯುವಾಗ ಅದನ್ನು ಅಪ್ಪಿ ಹಿಡಿದಿರುವ ಬಳೆಯು ತಾನೂ ಸ್ವಲ್ಪ ಬಾಗುತ್ತದೆ. ಒತ್ತಡ ಹೋದ ಕೂಡಲೆ ಮೊದಲಿನಂತೆ ನೆಟ್ಟಗಾಗುತ್ತ ಪಿಸ್ಟನ್ನನ್ನು ತನ್ನೊಡನೆ ಹಿಂದಕ್ಕೆ ತರುತ್ತದೆ. ಎಷ್ಟು ಹಿಂದಕ್ಕೆ? ಒಂದು ಮಿಲಿಮೀಟರಿನ ಕೆಲವೇ ಹತ್ತನೆಯ ಭಾಗದಷ್ಟು. ಪ್ಯಾಡುಗಳು ಬಿಲ್ಲೆಯನ್ನು ಬಿಡಲು ಅಷ್ಟೇ ಸಾಕು. ಪ್ಯಾಡು ಸವೆದಂತೆಲ್ಲ ಪಿಸ್ಟನ್ನು ಬಳೆಯೊಳಗೆ ಕೊಂಚ ಕೊಂಚವೇ ಜಾರಿ ಮುಂದೆ ನಿಲ್ಲುವುದರಿಂದ, ಸವೆತವನ್ನು ಸರಿದೂಗಿಸುವ ಕೆಲಸವೂ ತಾನಾಗಿ ಆಗುತ್ತದೆ. ಸೋರದಂತೆ ತಡೆಯುವುದು, ಹಿಂದಕ್ಕೆಳೆಯುವುದು, ಅಂತರವನ್ನು ಕಾಯುವುದು: ಈ ಮೂರು ಕೆಲಸಗಳನ್ನೂ ಒಂದು ಚೂರು ರಬ್ಬರಿನಿಂದ ಮಾಡಿಸಿದ ಬುದ್ಧಿವಂತನು ಯಾರೋ, ಅವನಿಗೆ ಕೈಮುಗಿಯಬೇಕು.

ಈ ಬಳೆಯು ಅತಿಯಾಗಿ ಕಾದರೆ ಬರಬರುತ್ತ ಗಡುಸಾಗುವುದು. ಗಡುಸಾದ ಬಳೆ ಬಾಗದು, ಬಾಗದ್ದು ಹಿಂದಕ್ಕೆಳೆಯದು. ಆಗ ಬ್ರೇಕನ್ನು ಬಿಟ್ಟರೂ ಪ್ಯಾಡು ಬಿಲ್ಲೆಯನ್ನು ಸವರುತ್ತಲೇ ಇರುತ್ತದೆ; ಸವರಿದ್ದರಿಂದ ಇನ್ನಷ್ಟು ಬಿಸಿ, ಬಿಸಿಯಿಂದ ಬಳೆ ಇನ್ನಷ್ಟು ಗಡುಸು. ನಮ್ಮ ಎಡಗಡೆಯ ಮುಂಗಾಲಿಯಲ್ಲಿ ನಡೆದದ್ದು ಇದೇ. ಸೂಚನೆಗಳು ಇಲ್ಲದಿರಲಿಲ್ಲ. ತಿಂಗಳಿಂದ ಗಾಡಿಯು ಎಡಕ್ಕೆ ಕೊಂಚ ಎಳೆಯುತ್ತಿದ್ದಿತು. ಎಡಗಾಲಿಗೆ ಮಾತ್ರ ಕಪ್ಪು ಪುಡಿ ಹೆಚ್ಚಾಗಿ ಮೆತ್ತುತ್ತಿದ್ದಿತು. ರಸ್ತೆಯ ಇಳಿಜಾರಿನಿಂದಲೋ ಟೈರಿನ ಗಾಳಿಯಿಂದಲೋ ಹಾಗಾಗುವುದೆಂದು ನಾವು ಸಮಾಧಾನ ಹೇಳಿಕೊಂಡಿದ್ದೆವು.

ಇನ್ನು ಪೆಡಲು ನೆಲಕ್ಕೆ ಹೋದುದರ ಕಾರಣ. ಕೊಳವೆಯಲ್ಲಿರುವ ದ್ರವವನ್ನು ಎಲ್ಲರೂ ‘ಬ್ರೇಕ್ ಆಯಿಲ್’ ಎಂದು ಕರೆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಬಿಸಿಲಿಗೆ ಹಾಕದ ಉಪ್ಪಿನಂತೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ‘ಡಾಟ್ 4’ ಎಂಬ ದರ್ಜೆಯ ದ್ರವವು ಹೊಸದಾಗಿದ್ದಾಗ 230 ಡಿಗ್ರಿಯವರೆಗಾದರೂ ಕುದಿಯದೆ ನಿಲ್ಲಬೇಕೆಂದು ಕಟ್ಟಳೆಯುಂಟು. ನೂರಕ್ಕೆ ಮೂರೂವರೆ ನಾಲ್ಕು ಪಾಲು ನೀರು ಸೇರಿತೆಂದರೆ ಆ ಮಿತಿಯು 155ಕ್ಕೆ ಇಳಿಯುವುದು. ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವು ಅಮುಕಿದರೆ ಕುಗ್ಗದು, ಆವಿ ಕುಗ್ಗುವುದು. ಆದುದರಿಂದ ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ಮುಗಿದುಹೋಗುತ್ತದೆ. ಪ್ಯಾಡುಗಳೇ ಕಾದು ಹಿಡಿತ ತಪ್ಪಿದ್ದರೆ ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದು ಗಾಡಿ ಮಾತ್ರ ನಿಲ್ಲದು; ದ್ರವ ಕುದಿದರೆ ಪೆಡಲೇ ಹತ್ತಿಯಂತೆ ಮೆತ್ತಗಾಗುವುದು. ಈ ಎರಡನ್ನೂ ಕಾಲು ಬೇರ್ಪಡಿಸಿ ತಿಳಿಯಬೇಕು. ಇದರಲ್ಲೊಂದು ಮೋಸವೂ ಉಂಟು. ಅರ್ಧ ಗಂಟೆ ಗಾಡಿ ತಣ್ಣಗಾಯಿತೆಂದರೆ ಆವಿಯು ಮತ್ತೆ ದ್ರವವಾಗಿ, ಏನೂ ಆಗದಂತೆ ಪೆಡಲು ಗಟ್ಟಿಯಾಗುತ್ತದೆ. ನಮ್ಮದೂ ಹಾಗೆಯೇ ಆಯಿತು. ‘ಸರಿಹೋಯಿತು, ಓಡಿಸಿಕೊಂಡು ಹೋಗೋಣ’ ಎಂದು ಹೊರಟಿದ್ದ ನಮ್ಮನ್ನು ಅಲ್ಲಿದ್ದ ಅನುಭವಿಯೊಬ್ಬರು ತಡೆದು, ಎಡಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿ ತೋರಿಸಿದರು. ಅರ್ಧ ಸುತ್ತೂ ತಿರುಗಲಿಲ್ಲ. ಗಾಡಿಯನ್ನು ಲಾರಿಯ ಮೇಲೆ ಬೆಂಗಳೂರಿಗೆ ತಂದೆವು.

‘ದೇವರ ದರ್ಶನಕ್ಕೆ ಹೊರಟ ಗಾಡಿಯನ್ನು ಅಲ್ಲಿಗೇಕೆ ಒಯ್ದೆ?’ ಎಂದು ತಾಯಿಯವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಯಾಣವನ್ನು ಎರಡು ವಾರ ಮುಂದಕ್ಕೆ ಹಾಕಲಾಯಿತು.

ಇಡಿಯ ಇಕ್ಕಳವನ್ನೇ ಹೊಸದಾಗಿ ಕೊಳ್ಳಬಹುದಾಗಿದ್ದಿತು. ಆದರೆ ಎರಕದ ಒಡಲು ಗಟ್ಟಿಯಾಗಿದ್ದು, ಕೆಟ್ಟದ್ದು ಒಳಗಿನ ರಬ್ಬರು ಮಾತ್ರವಾಗಿರುವಾಗ, ಹೊಸದರ ಬೆಲೆಯಲ್ಲಿ ಒಂದು ಸಣ್ಣ ಪಾಲಿಗೆ ಬಳೆ, ಧೂಳುಗವಸು ಮೊದಲಾದವುಗಳ ಕಟ್ಟು ದೊರೆಯುವುದು. ನಮ್ಮ ಬಡಾವಣೆಯ ಹಿರಿಯ ಮೇಸ್ತ್ರಿಯೊಬ್ಬರು ಬಳಿಯಲ್ಲಿ ಕುಳಿತು ಹೇಳಿಕೊಡಲು ಒಪ್ಪಿದ್ದರಿಂದಲೇ ನಾವು ಕೈಹಾಕಿದೆವು. ಹಾಗೆ ತಿಳಿದವರ ಕಣ್ಣಿಲ್ಲದೆ ಬ್ರೇಕನ್ನು ಮೊದಲ ಸಲ ಬಿಚ್ಚುವುದು ಕೂಡದೆಂದೇ ನಮ್ಮ ಅಭಿಪ್ರಾಯ.

ಗಾಡಿಯನ್ನೆತ್ತಿ, ಜಾಕನ್ನೇ ನಂಬದೆ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನಿಟ್ಟು, ಮುಂಗಾಲಿಗಳನ್ನು ಕಳಚಿದೆವು. ಪ್ಯಾಡಿನ ಪುಡಿಯನ್ನು ಬಾಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಎಡಗಡೆಯ ಧೂಳುಗವಸು ಹಪ್ಪಳದಂತೆ ಮುರಿದು ಕೈಗೆ ಬಂದಿತು. ಪಿಸ್ಟನ್ನನ್ನು ಹೊರಡಿಸುವುದು ಮುಂದಿನ ಕೆಲಸ. ‘ಪಂಕ್ಚರ್ ಅಂಗಡಿಯ ಗಾಳಿ ಕೊಟ್ಟರೆ ಒಂದು ಕ್ಷಣದಲ್ಲಿ ಬರುತ್ತದಲ್ಲವೆ?’ ಎಂದು ನಾವು ಕೇಳಲು, ಮೇಸ್ತ್ರಿಯವರು ಮಾತನಾಡದೆ ತಮ್ಮ ಎಡಗೈಯ ತೋರುಬೆರಳನ್ನು ಮುಂದೆ ಹಿಡಿದರು. ಅದರ ತುದಿ ಚಪ್ಪಟೆಯಾಗಿದ್ದಿತು, ಉಗುರಿರಲಿಲ್ಲ. ‘ಹೀಗೇ ಬಂತು ಸ್ವಾಮಿ, ಒಂದು ಕ್ಷಣದಲ್ಲಿ’ ಎಂದರು.

ಆದುದರಿಂದ ಕೊಳವೆಯನ್ನು ಬಿಚ್ಚುವ ಮೊದಲೇ ಗಾಡಿಯ ಪೆಡಲಿನಿಂದಲೇ ಪಿಸ್ಟನ್ನನ್ನು ಹೊರಕ್ಕೆ ನೂಕಿಸಿದೆವು. ಬಲಗಡೆಯದು ಸಲೀಸಾಗಿದ್ದುದರಿಂದ ಅದೇ ಮೊದಲು ಹೊರಬೀಳದಂತೆ ಬಿಗಿಹಿಡಿಕೆ ಹಾಕಿ, ಎಡಗಡೆಯದರ ಮುಂದೆ ಮರದ ತುಂಡನ್ನಿಟ್ಟು, ಮೆಲ್ಲಮೆಲ್ಲನೆ ಒತ್ತಿದೆವು. ಮೊಂಡುಹಿಡಿದ ಪಿಸ್ಟನ್ನು ಕಿರ್ರೆಂದು ಕೂಗಿ ಕೂದಲೆಳೆಯಷ್ಟು ಕದಲಿತು. ಅನಂತರ ತಾನಾಗಿ ಬಂದಿತು. ಇಕ್ಕಳವನ್ನು ಕಳಚಿದಾಗ ಅದನ್ನು ರಬ್ಬರಿನ ಕೊಳವೆಯಿಂದ ಜೋತುಬಿಡಕೂಡದು. ತಂತಿಯಿಂದ ಕಟ್ಟಿ ತೂಗಿಸಬೇಕು. ಕೊಳವೆಯ ಒಳಪದರ ಹರಿದರೆ ಹೊರಗಿಂದ ಕಾಣುವುದಿಲ್ಲ.

ಹಳೆಯ ಬಳೆಯನ್ನು ತೋಡಿನಿಂದೆಬ್ಬಿಸಲು ತಿರುಪುಳಿಯನ್ನು ಕೈಗೆತ್ತಿಕೊಂಡೆವು. ಮೇಸ್ತ್ರಿಯವರು ಅದನ್ನು ಕಸಿದುಕೊಂಡು ಬಿದಿರಿನ ಕಡ್ಡಿಯನ್ನು ಕೊಟ್ಟರು. ತೋಡಿನ ಅಂಚಿಗೆ ಉಕ್ಕಿನ ಒಂದು ಗೀರು ಬಿದ್ದರೂ ದ್ರವವು ಅಲ್ಲಿಂದ ದಾರಿ ಮಾಡಿಕೊಳ್ಳುವುದು. ಹೊರಬಂದ ಬಳೆಯು ಬಳುಕಲಿಲ್ಲ. ಬೆರಳಲ್ಲಿ ಅದುಮಿದರೆ ಅದುಮಿದಂತೆಯೇ ನಿಂತಿತು. ಬಲಗಡೆಯ ಬಳೆಯೂ ಅಷ್ಟೇನೂ ಚೆನ್ನಾಗಿರಲಿಲ್ಲ. ಒಂದು ಗಾಲಿಯದನ್ನು ಬದಲಾಯಿಸಿ ಇನ್ನೊಂದನ್ನು ಬಿಡುವ ಜಿಪುಣತನವನ್ನು ಬ್ರೇಕಿನಲ್ಲಿ ಮಾತ್ರ ಮಾಡಬಾರದು. ಎರಡೂ ಕಡೆ ಒಂದೇ ಸಮ ಹಿಡಿಯದಿದ್ದರೆ ಗಾಡಿ ಓರೆಗೆ ಹೊರಳುತ್ತದೆ.

ಈ ಬಗೆಯ ಇಕ್ಕಳದಲ್ಲಿ ಬಳೆ ಕುಳಿತಲ್ಲೇ ಕುಳಿತಿದ್ದು, ಅದರ ಮೇಲೆ ಜಾರುವುದು ಪಿಸ್ಟನ್ನಿನ ಹೊರಮೈ. ಆದುದರಿಂದ ಮುಖ್ಯವಾಗಿ ನೋಡತಕ್ಕದ್ದು ಪಿಸ್ಟನ್ನಿನ ಮೈಯನ್ನು. ನಮ್ಮ ಎಡ ಪಿಸ್ಟನ್ನಿನ ಹೊಳಪು ಲೇಪವು ಎರಡು ಕಡೆ ಎದ್ದು, ಸಾಸಿವೆಕಾಳಿನಷ್ಟು ತುಕ್ಕಿನ ಗುಳಿಗಳಾಗಿದ್ದವು. ಉಜ್ಜಿ ನಯಮಾಡಿದರಾಗದೆ ಎಂದರೆ, ಆಗದು. ಲೇಪ ಹೋದಲ್ಲಿ ತುಕ್ಕು ಮತ್ತೆ ಬರುತ್ತದೆ, ಗುಳಿಯ ಅಂಚು ಹೊಸ ಬಳೆಯನ್ನು ಕೆರೆಯುತ್ತದೆ. ಹೊಸ ಪಿಸ್ಟನ್ನನ್ನೇ ತರಿಸಿದೆವು. ತೋಡಿನೊಳಗೆ ಕಲ್ಲುಸಕ್ಕರೆಯಂತೆ ಗಟ್ಟಿಯಾಗಿ ಕಚ್ಚಿದ್ದ ಕಿಲುಬನ್ನು ಬಿಡಿಸಲು ಒಂದು ಇಡೀ ಸಂಜೆ ಹಿಡಿಯಿತು. ಅದನ್ನುಳಿಸಿದರೆ ಹೊಸ ಬಳೆಯ ಬೆನ್ನನ್ನು ಒತ್ತಿ ಪಿಸ್ಟನ್ನನ್ನು ಮತ್ತೆ ಬಿಗಿಯುವುದು. ತೊಳೆಯುವುದಕ್ಕೆ ಸ್ಪಿರಿಟ್ಟನ್ನು ಬಳಸತಕ್ಕದ್ದು. ಸೀಮೆಎಣ್ಣೆ, ಪೆಟ್ರೋಲು, ಎಂಜಿನ್ ಆಯಿಲ್, ಮಾಮೂಲು ಗ್ರೀಸು, ಇವುಗಳಲ್ಲಿ ಒಂದು ಹನಿಯೂ ಈ ರಬ್ಬರನ್ನು ಮುಟ್ಟಬಾರದು. ಮುಟ್ಟಿದರೆ ನೆನೆದ ಅವಲಕ್ಕಿಯಂತೆ ಉಬ್ಬುವುದು.

ಉಬ್ಬುವ ಮಾತಿನಿಂದ ಇನ್ನೊಂದನ್ನು ಹೇಳಬೇಕಾಗಿದೆ. ಮೊದಲು ನಾವು ಒಂದು ಅಂಗಡಿಯಿಂದ ಅಗ್ಗದ ರಬ್ಬರ್ ಕಟ್ಟನ್ನು ತಂದಿದ್ದೆವು. ಹೊದಿಕೆಯ ಮೇಲಿನ ಅಚ್ಚು ಅಸಲಿಯಂತೆಯೇ ಇದ್ದಿತು. ಮೇಸ್ತ್ರಿಯವರು ಅದರಲ್ಲೊಂದು ಬಳೆಯನ್ನು ಗಾಜಿನ ಲೋಟದಲ್ಲಿ ಹೊಸ ಬ್ರೇಕ್ ದ್ರವದಲ್ಲಿ ಮುಳುಗಿಸಿ, ‘ನಾಳೆ ನೋಡೋಣ’ ಎಂದರು. ಮರುದಿನ ಸಂಜೆ ಅದನ್ನು ಜೊತೆಯ ಬಳೆಯ ಮೇಲಿಟ್ಟು ನೋಡಿದರೆ ಒಂದು ಸುತ್ತು ದೊಡ್ಡದಾಗಿ ಮೆತ್ತಗಾಗಿದ್ದಿತು. ಎಣ್ಣೆಯ ಯಂತ್ರಗಳಿಗೆ ಸಲ್ಲುವ ರಬ್ಬರು ಬ್ರೇಕಿಗೆ ಸಲ್ಲದು. ಎರಡೂ ಕಪ್ಪು, ಎರಡೂ ಬಳೆ, ಕಣ್ಣಿಗೆ ಭೇದ ತೋರುವುದಿಲ್ಲ. ಅದನ್ನು ಗಾಲಿಯೊಳಗಿಟ್ಟಿದ್ದರೆ ಚಾರ್ಮಾಡಿಯ ಯಾವ ತಿರುವಿನಲ್ಲಿ ಅದು ತನ್ನ ಗುಣವನ್ನು ತೋರಿಸುತ್ತಿದ್ದಿತೋ! ಗಾಡಿಯ ಕಂಪನಿಯ ಅಧಿಕೃತ ಮಾರಾಟಗಾರರಿಂದ ತರಿಸಿದ ಬಳೆಯನ್ನೂ ಹಾಗೆಯೇ ನೆನೆಸಿ, ಅಳತೆ ಕೆಡದೆ ಇದ್ದುದನ್ನು ಕಂಡ ಮೇಲೆಯೇ ಜೊತೆಯದನ್ನು ಜೋಡಿಸಲು ತೆಗೆದುಕೊಂಡೆವು.

ಜೋಡಣೆಗೆ ಬೇಕಾದುದು ಬಲವಲ್ಲ, ಶುಚಿ. ಊಟದ ಮೇಜಿಗೆ ಹಳೆಯ ವೃತ್ತಪತ್ರಿಕೆ ಹಾಸಿ, ಕೈತೊಳೆದು ಕುಳಿತೆವು. ಹೊಸ ಬಳೆಗೆ ಹೊಸ ದ್ರವವನ್ನು ಸವರಿ ತೋಡಿನಲ್ಲಿ ಕೂರಿಸಿ, ಎಲ್ಲಿಯೂ ತಿರುಚಿಲ್ಲವೆಂದು ಬೆರಳನ್ನು ಸುತ್ತಲೂ ಆಡಿಸಿ ನೋಡಿಕೊಳ್ಳಬೇಕು. ಪಿಸ್ಟನ್ನನ್ನು ನೆಟ್ಟಗಿಟ್ಟು ಎರಡು ಹೆಬ್ಬೆರಳಿನಿಂದ ಒತ್ತಿದರೆ ಅದು ನಿಧಾನವಾಗಿ, ತುಪ್ಪದಲ್ಲಿ ಇಳಿದಂತೆ ಒಳಗಿಳಿಯುತ್ತದೆ. ಇಳಿಯದಿದ್ದರೆ ಓರೆಯಾಗಿದೆಯೆಂದೇ ಅರ್ಥ. ಹೊರಗೆ ತೆಗೆದು ಮತ್ತೆ ಇಡಬೇಕು. ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ. ಇಕ್ಕಳವು ಆ ಕಡೆ ಈ ಕಡೆ ಸರಿಯುವುದು ಎರಡು ಜಾರುವ ಪಿನ್ನುಗಳ ಮೇಲೆ. ಅವು ಒಣಗಿ ಹಿಡಿದುಕೊಂಡರೂ ಪ್ಯಾಡು ಒಂದೇ ಬದಿಗೆ ಸವೆಯುತ್ತದೆ. ಅವಕ್ಕೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಿ, ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೇ ಹಾಕಿದೆವು. ಕೊಳವೆ ಸೇರುವಲ್ಲಿ ತಾಮ್ರದ ವಾಷರುಗಳು ಹೊಸವೇ ಆಗಬೇಕು. ಇಕ್ಕಳಕ್ಕೆ ಕೆಂಪು ಬಣ್ಣ ಬಳಿಯಬೇಕೆಂದು ನಮ್ಮ ಹಿರಿಯ ಮಗನು ಬಹಳ ಹಟಮಾಡಿದನು. ಕೆಂಪು ಬಳಿದ ಗಾಡಿ ಬೇಗ ನಿಲ್ಲುವುದೆಂದು ಈಗಿನ ಹುಡುಗರ ನಂಬಿಕೆಯಿರಬೇಕು. ಬಳಿಯಲಿಲ್ಲ.

ಇನ್ನುಳಿದದ್ದು ಕೊಳವೆಯೊಳಗಿನ ಗಾಳಿಯನ್ನು ಹೊರಡಿಸುವುದು. ಇದಕ್ಕೆ ಇಬ್ಬರು ಬೇಕು. ನಮ್ಮ ಮನೆಯವರು ಪೆಡಲಿನ ಬಳಿ ಕುಳಿತರು. ನಾವು ಗಾಲಿಯ ಬಳಿ. ಇಕ್ಕಳದ ಮೇಲ್ಗಡೆಯಲ್ಲಿರುವ ಬ್ಲೀಡರ್ ತಿರುಪಿಗೆ ಪಾರದರ್ಶಕವಾದ ನಳಿಗೆಯನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ದ್ರವವಿರುವ ಸೀಸೆಯಲ್ಲಿ ಮುಳುಗಿಸಿದೆವು. ‘ಒತ್ತು’ ಎಂದೊಡನೆ ಅವರು ಒತ್ತುವುದು, ನಾವು ತಿರುಪನ್ನು ಸಡಿಲಿಸುವುದು. ಗುಳ್ಳೆಗಳು ಹೋದೊಡನೆ ನಾವು ಬಿಗಿದು ‘ಬಿಡು’ ಎನ್ನುವುದು, ಆಮೇಲೆಯೇ ಅವರು ಕಾಲೆತ್ತುವುದು. ಈ ಕ್ರಮ ಹಿಂದುಮುಂದಾದರೆ ಹೋದ ಗಾಳಿಯು ಮರಳಿ ಒಳಗೆ ಬರುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡನ್ನಿಟ್ಟಿದ್ದೆವು. ಎಂದೂ ತಲಪದಷ್ಟು ಆಳಕ್ಕೆ ಒತ್ತಿಸಿದರೆ ಮಾಸ್ಟರ್ ಸಿಲಿಂಡರಿನ ತುಕ್ಕುಹಿಡಿದ ಕೊನೆಯಲ್ಲಿ ಅದರ ಸೀಲುಗಳು ಹರಿಯುವ ಭಯವುಂಟು. ಮೇಲಿನ ಡಬ್ಬಿ ಬರಿದಾಗದಂತೆ ದ್ರವವನ್ನು ತುಂಬುತ್ತಿರುವ ಕೆಲಸ ಕಿರಿಯವನದು. ದ್ರವ ತಗಲಿದರೆ ಗಾಡಿಯ ಬಣ್ಣ ಸುಲಿಯುವುದರಿಂದ ಪಕ್ಕದಲ್ಲಿ ನೀರನ್ನಿಟ್ಟುಕೊಂಡಿದ್ದೆವು. ನಾಲ್ಕು ಗಾಲಿಗಳನ್ನೂ ಗಾಡಿಯ ಕೈಪಿಡಿ ಹೇಳಿದ ಕ್ರಮದಲ್ಲಿ ಮುಗಿಸುವಷ್ಟರಲ್ಲಿ ನಮ್ಮ ಮನೆಯವರು, ‘ಒತ್ತು ಬಿಡು ಎಂದು ಇಷ್ಟು ಗಟ್ಟಿಯಾಗಿ ಕೂಗಬೇಕೆ? ಬೀದಿಯವರೆಲ್ಲ ನೋಡುತ್ತಿದ್ದಾರೆ’ ಎಂದರು. ಹಳೆಯ ದ್ರವವು ಕಾಫಿಯ ಕಷಾಯದ ಬಣ್ಣಕ್ಕೆ ತಿರುಗಿದ್ದಿತು. ಅದು ವಿಷ, ಚರಂಡಿಗೆ ಸುರಿಯದೆ, ಹೆಸರು ಬರೆದ ಡಬ್ಬಿಯಲ್ಲಿಟ್ಟು ಮೇಸ್ತ್ರಿಯವರ ಬಳಿಯ ಹಳೆಯ ಎಣ್ಣೆಯವರಿಗೆ ಕೊಡಿಸಿದೆವು.

ಐದು ನಿಮಿಷ ಪೆಡಲನ್ನು ಬಲವಾಗಿ ಒತ್ತಿ ಹಿಡಿದು, ದೀಪ ಹಿಡಿದು ಪ್ರತಿಯೊಂದು ಸಂದನ್ನೂ ಕಾಗದದಿಂದ ಒರೆಸಿ ನೋಡಿದೆವು. ಎಲ್ಲಿಯೂ ಒದ್ದೆಯಿಲ್ಲ. ಮೊದಲು ಖಾಲಿ ಬೀದಿಯಲ್ಲಿ ನಡಿಗೆಯ ವೇಗದಲ್ಲಿ, ಅನಂತರ ಇಪ್ಪತ್ತು, ನಲವತ್ತು, ಅರವತ್ತರಲ್ಲಿ ನಿಲ್ಲಿಸಿ ನೋಡಿದೆವು. ಸ್ಟಿಯರಿಂಗಿನಿಂದ ಕೈಯನ್ನು ತುಸು ಸಡಿಲಿಸಿದರೂ ಗಾಡಿಯು ನೇರವಾಗಿಯೇ ನಿಂತಿತು.

ಎರಡು ವಾರ ತಡವಾಗಿ ಮೂಡಿಗೆರೆಯನ್ನು ದಾಟಿ ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಘಾಟಿಯನ್ನಿಳಿದೆವು. ಇಳಿಜಾರಿನ ಲೆಕ್ಕವೂ ಪಥದ ಲೆಕ್ಕಕ್ಕಿಂತ ಬೇರೆಯಲ್ಲ: ಜನ ತುಂಬಿ 1,300 ಕಿಲೋಗ್ರಾಂ ತೂಗುವ ಗಾಡಿಯು ಪ್ರತಿ 100 ಮೀಟರ್ ಎತ್ತರವನ್ನಿಳಿಯುವಾಗಲೂ ಸುಮಾರು 1,270 ಕಿಲೋಜೂಲ್, ಎಂದರೆ ನಾಲ್ಕು ಲೀಟರ್ ನೀರನ್ನು ಕುದಿಸುವಷ್ಟು ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಎಂಜಿನ್ನನ್ನು ಬಿಟ್ಟು ಬ್ರೇಕನ್ನೇ ಸವರುತ್ತ ಇಳಿದರೆ ಅದೆಲ್ಲ ಗಾಲಿಗೇ ಸೇರುವುದು. ಎರಡನೆಯ ಗೇರಿನಲ್ಲಿ ಎಂಜಿನ್ನಿಗೆ ಪಾಲುಕೊಟ್ಟು, ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಹಿಡಿದು ಮತ್ತೆ ಪೂರ್ತಿ ಬಿಡುತ್ತ ಇಳಿದೆವು. ಉಜಿರೆಯಲ್ಲಿ ನಿಲ್ಲಿಸಿ, ದೂರದಿಂದಲೇ ಬಿಸಿಯನ್ನಳೆಯುವ ಮಾಪಕವನ್ನು ಎರಡು ಮುಂದಿನ ಬಿಲ್ಲೆಗಳ ಕಡೆಗೂ ಹಿಡಿದು ನೋಡಿದೆವು. ನಾಲ್ಕು ಡಿಗ್ರಿಯ ಅಂತರ. ‘ಇನ್ನೂ ಗಾಲಿ ನೋಡುವುದು ಮುಗಿಯಲಿಲ್ಲವೆ?’ ಎಂದು ತಾಯಿಯವರು ಒಳಗಿನಿಂದಲೇ ಕೂಗಿದರು.

ಅನಂತರ ಚೆಟ್ಟಿಪಾಳಯಕ್ಕೆ ಮತ್ತೊಮ್ಮೆ ಹೋಗಿಬಂದೆವು. ಹೋಗುವ ಮುನ್ನ ಹೊಸ ದ್ರವ. ಐದು ಸುತ್ತಿಗೆ ಒಮ್ಮೆ ವಿರಾಮ. ಕೊನೆಯ ಸುತ್ತಿನಲ್ಲಿ ಬ್ರೇಕನ್ನು ಆದಷ್ಟೂ ಮುಟ್ಟದೆ ಗಾಳಿಗೆ ಆರಿಸುವುದು. ನಿಂತ ಮೇಲೆ ಕೈಬ್ರೇಕನ್ನು ಎಳೆಯದೆ ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡುವುದು. ಆ ಹಳೆಯ ಬಳೆಯನ್ನು ಒಂದು ದಾರಕ್ಕೆ ಕಟ್ಟಿ ಗಾಡಿಯ ಕೊಠಡಿಯ ಮೊಳೆಗೆ ತೂಗುಹಾಕಿದ್ದೇವೆ. ಅದರ ಪಕ್ಕದಲ್ಲಿ ಸೀಮೆಸುಣ್ಣದಿಂದ ಹೊಸ ಬಳೆ ಹಾಕಿದ ದಿನ, ಅದರ ಕೆಳಗೆ ಮತ್ತೆ ಬಿಚ್ಚಿ ನೋಡಬೇಕಾದ ದಿನ, ಎರಡನ್ನೂ ಕಿರಿಯವನು ಬರೆದಿಟ್ಟಿದ್ದಾನೆ.